ಬಿಟ್ಟುಹೋಗುವವರು ಬೀಗ ಜಡಿದು ಹೋಗುವುದೇಕೆ?

ಕಂಪನಿಯೊಂದು ತನ್ನ ಮೊಬೈಲ್ ವೇದಿಕೆಯನ್ನು ಕೈಬಿಟ್ಟರೆ ಅದಕ್ಕೆ ಆ್ಯಪ್ ಬರೆದವರೂ ಕೈಬಿಡುವುದು ಸಹಜ, ಆ ಫೋನ್ ಕೊಂಡವರು ಗೊಣಗದೆ ಹೊಸದನ್ನು ಕೊಳ್ಳುವುದೇ ಜಾಣತನ. ತಂತ್ರಜ್ಞಾನ ಬಲ್ಲವರಲ್ಲಿ ಯಾರನ್ನು ಕೇಳಿದರೂ ಈ ಮಾತನ್ನು ಒಪ್ಪುತ್ತಾರೆ. ಸಿಂಬಿಯನ್ ಹೋಯಿತು, ವೆಬ್‌ಓಎಸ್ ಹೋಯಿತು, ಬ್ಲ್ಯಾಕ್‌ಬೆರಿ ಹೋಯಿತು, ವಿಂಡೋಸ್ ಫೋನ್ ಹೋಯಿತು. ಮಾರುಕಟ್ಟೆ ತೀರ್ಪು ಕೊಟ್ಟಿತು, ಜನ ಮುಂದೆ ನಡೆದರು, ಇನ್ನು ಅದರ ಮಾತೇಕೆ ಎಂದು ಕೈಕೊಡವಿಬಿಡುತ್ತಾರೆ. ಈ ತಿಳಿವಳಿಕೆ ತಪ್ಪು, ಅದರ ಜೊತೆಗೆ ಕೇಡಿನದು. ಕೈಬಿಟ್ಟ ವೇದಿಕೆಗಳ ಚರಿತ್ರೆಯನ್ನು ತಾರೀಕುಗಳ ಸಮೇತ ಓದಿದವರಿಗೆ ಕಾಣುವುದು ಬೇರೆಯೇ ಸಂಗತಿ. ಡೆವಲಪರ್‌ಗಳು ಹೊರಟುಹೋದದ್ದರಿಂದ ಈ ಫೋನುಗಳು ನಿಂತವು ಎಂಬುದು ಅರ್ಧ ನಿಜ ಮಾತ್ರ. ಉಳಿಯಲು ಸಿದ್ಧರಿದ್ದವರನ್ನೂ ಹೊರಗೆ ಹಾಕಿ ಬಾಗಿಲಿಗೆ ಬೀಗ ಜಡಿದರು ಎಂಬುದು ಉಳಿದ ಅರ್ಧ. ಬಿಟ್ಟುಹೋಗುವ ಹಕ್ಕು ಯಾರಿಗಾದರೂ ಉಂಟು. ಬೀಗ ಹಾಕಿಕೊಂಡು ಹೋಗುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಮೊದಲು ಆ ‘ಮಾರುಕಟ್ಟೆಯ ತೀರ್ಪ’ನ್ನೇ ನೋಡೋಣ. ವಿಂಡೋಸ್ ಫೋನ್ 7 ಬಂದದ್ದು 2010ರ ಕೊನೆಯಲ್ಲಿ. ಅದಕ್ಕೂ ಹಿಂದಿನ ವಿಂಡೋಸ್ ಮೊಬೈಲ್‌ಗೆ ಬರೆದಿದ್ದ ಆ್ಯಪ್‌ಗಳು ಅದರಲ್ಲಿ ನಡೆಯಲಿಲ್ಲ. 2011ರ ಫೆಬ್ರವರಿಯಲ್ಲಿ ನೋಕಿಯಾ ತನ್ನದೇ ಸಿಂಬಿಯನ್ನನ್ನು ಬದಿಗೆ ಸರಿಸಿ ಮೈಕ್ರೋಸಾಫ್ಟ್‌ನ ಕೈಹಿಡಿದಾಗ, ಸಿಂಬಿಯನ್ ನಂಬಿದ್ದವರು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. 2012ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಲುಮಿಯಾ 900 ಬಿಡುಗಡೆಯಾಯಿತು. ಜೂನ್ ಹೊತ್ತಿಗೆ, ಆಗ ಚಾಲ್ತಿಯಲ್ಲಿದ್ದ ಯಾವ ವಿಂಡೋಸ್ ಫೋನಿಗೂ ಮುಂದಿನ 8ನೇ ಆವೃತ್ತಿ ಬರುವುದಿಲ್ಲ ಎಂಬ ಪ್ರಕಟಣೆ ಹೊರಬಿತ್ತು. ಎರಡು ತಿಂಗಳ ಹಸುಗೂಸಿನಂಥ ಫೋನು ಹಳತಾಯಿತು. 2013ರಲ್ಲಿ ಬಂದ ಲುಮಿಯಾ 520 ಆ ವೇದಿಕೆಯ ಅತಿ ಹೆಚ್ಚು ಮಾರಾಟವಾದ ಫೋನು, ನಮ್ಮ ಮಧ್ಯಮ ವರ್ಗದ ಕೈಗೂ ಎಟುಕಿದ ಫೋನು. ವಿಂಡೋಸ್ 10 ಮೊಬೈಲ್ ಬಂದಾಗ ಅದೂ ಹೊರಗುಳಿಯಿತು. ಹೊಸ ಸೌಲಭ್ಯಗಳು ಬೇಕೆಂದರೆ ಪ್ರತಿ ತಿರುವಿನಲ್ಲೂ ಡೆವಲಪರ್ ತಾನು ಬರೆದದ್ದನ್ನು ಮತ್ತೆ ಬರೆಯಬೇಕಿತ್ತು: ಆ್ಯಪ್ ಬರೆಯುವ ಸಾಧನಗಳಾದ ಸಿಲ್ವರ್‌ಲೈಟ್ ಮತ್ತು ಎಕ್ಸ್‌ಎನ್‌ಎ ಕಾಲ ಮುಗಿಯಿತು, ವಿನ್‌ಆರ್‌ಟಿ ಬಂತು, ಅದು ಮೈಗೂಡುವಷ್ಟರಲ್ಲಿ ಯುಡಬ್ಲ್ಯುಪಿ ಬಂತು. ಆಂಡ್ರಾಯ್ಡ್ ಆ್ಯಪ್‌ಗಳನ್ನು ತರಲು ಹೊರಟ ಪ್ರಾಜೆಕ್ಟ್ ಆಸ್ಟೋರಿಯಾವನ್ನು 2016ರ ಫೆಬ್ರವರಿಯಲ್ಲಿ ಕೈಬಿಟ್ಟರು. 2013ರಲ್ಲಿ ಆ್ಯಪ್‌ಗೆ 100 ಡಾಲರ್‌ನಂತೆ ಬಹುಮಾನ ಹಂಚಿದ್ದ ಕಂಪನಿ, ಆ್ಯಪ್ ಬರೆದ ಮನುಷ್ಯನ ಶ್ರಮ ಮೂರು ವರ್ಷವಾದರೂ ಬಾಳಲಿ ಎಂಬ ಕಾಳಜಿ ತೋರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಜೋ ಬೆಲ್ಫಿಯೋರ್, ಹಣ ಕೊಟ್ಟು ನೋಡಿದೆವು, ನಾವೇ ಆ್ಯಪ್ ಬರೆದುಕೊಟ್ಟೆವು, ಆದರೆ ಹೆಚ್ಚಿನ ಕಂಪನಿಗಳಿಗೆ ಬಳಕೆದಾರರ ಸಂಖ್ಯೆ ಸಾಲಲಿಲ್ಲ ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಹೇಳಿದರು. ಮತ್ತೆ ಮತ್ತೆ ಹಳೆಯ ಬಳಕೆದಾರರನ್ನು ದಾರಿಯಲ್ಲೇ ಇಳಿಸಿ ಬಂದವರಿಗೆ ಸಂಖ್ಯೆ ಸಾಲದೆ ಹೋದದ್ದು ಮಾರುಕಟ್ಟೆಯ ತೀರ್ಪೋ, ಸ್ವಂತ ಕೈಕೆಲಸವೋ?

ಇಷ್ಟಾದರೂ ಎಲ್ಲ ಡೆವಲಪರ್‌ಗಳೂ ಹೊರಟುಹೋಗಿರಲಿಲ್ಲ. ಇಲ್ಲಿಂದಲೇ ನನ್ನ ಮುಖ್ಯ ಆರೋಪ ಶುರುವಾಗುತ್ತದೆ. 2014ರ ಜನವರಿ 1ರಿಂದ ತನ್ನ ಸಿಂಬಿಯನ್ ಮತ್ತು ಮೀಗೋ ವೇದಿಕೆಗಳಿಗೆ ಹೊಸ ಆ್ಯಪ್‌ಗಳನ್ನು ಮಾತ್ರವಲ್ಲ, ಇದ್ದ ಆ್ಯಪ್‌ಗಳ ತಿದ್ದುಪಡಿಗಳನ್ನೂ ನೋಕಿಯಾ ತನ್ನ ಸ್ಟೋರಿಗೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆ್ಯಪ್‌ನಲ್ಲಿ ದೋಷವೊಂದು ಕಂಡು, ಅದನ್ನು ಸಂಬಳವಿಲ್ಲದೆ ಸರಿಪಡಿಸಿ ಕೊಡಲು ಬಂದ ಡೆವಲಪರ್‌ಗೆ ಅಂದು ಸಿಕ್ಕ ಉತ್ತರ: ಬೇಡ. ಮೈಕ್ರೋಸಾಫ್ಟ್ ಅದೇ ದಾರಿ ಹಿಡಿಯಿತು. 2018ರ ಅಕ್ಟೋಬರ್ 31ಕ್ಕೆ ವಿಂಡೋಸ್ ಫೋನ್ 8ರ ಪೀಳಿಗೆಗೆ ಹೊಸ ಆ್ಯಪ್‌ಗಳನ್ನು ಸ್ವೀಕರಿಸುವುದು ನಿಂತಿತು. 2019ರ ಜುಲೈ 1ರಿಂದ ಆ ಫೋನುಗಳಿಗೆ ಆ್ಯಪ್‌ಗಳ ಅಪ್‌ಡೇಟ್ ತಲುಪಿಸುವುದು ನಿಂತಿತು. ಅದೇ ವರ್ಷದ ಡಿಸೆಂಬರ್ 16ರಂದು ವಿಂಡೋಸ್ ಫೋನ್ 8.1ರ ಸ್ಟೋರನ್ನೇ ಮುಚ್ಚಿದರು. ಅಂದಿನಿಂದ ಆ ಫೋನನ್ನು ಒಮ್ಮೆ ರೀಸೆಟ್ ಮಾಡಿದರೆ ದುಡ್ಡು ಕೊಟ್ಟು ಕೊಂಡ ಆ್ಯಪ್ ಕೂಡ ಮರಳಿ ಬರುವುದಿಲ್ಲ. ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವ ದಾರಿಯನ್ನು ಸಾಮಾನ್ಯ ಬಳಕೆದಾರನಿಗೆ ಮೊದಲೇ ಮುಚ್ಚಿಟ್ಟಿದ್ದರು. ಇದ್ದ ಒಂದೇ ಬಾಗಿಲನ್ನು ಮುಚ್ಚುವಾಗ ಕಿಟಕಿಯೊಂದನ್ನಾದರೂ ತೆರೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಇದನ್ನು ‘ಡೆವಲಪರ್‌ಗಳು ಬೆಂಬಲ ನಿಲ್ಲಿಸಿದರು’ ಎಂದು ಕರೆಯುವುದು ಶುದ್ಧ ಸುಳ್ಳು. ಬೆಂಬಲಿಸುವುದನ್ನೇ ನಿಷೇಧಿಸಲಾಯಿತು.

ದೊಡ್ಡ ಆ್ಯಪ್‌ಗಳ ಕಂಪನಿಗಳು ಮಾಡಿದ್ದು ಇದಕ್ಕಿಂತ ಕಡಿಮೆಯದೇನಲ್ಲ. ಗೂಗಲ್ ವಿಂಡೋಸ್ ಫೋನಿಗೆ ಸರಿಯಾದ ಯೂಟ್ಯೂಬ್ ಆ್ಯಪ್ ಬರೆಯಲಿಲ್ಲ. ಅದು ಅವರ ಇಷ್ಟ, ಒಪ್ಪೋಣ. ಆದರೆ 2013ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತಾನೇ ಬರೆದು ಬಿಟ್ಟಾಗ ಗೂಗಲ್ ಆ ಆ್ಯಪ್ ಹಿಂತೆಗೆಯಬೇಕೆಂದು ನೋಟಿಸು ಕಳಿಸಿತು. ತಿದ್ದಿದ ಆವೃತ್ತಿ ಆಗಸ್ಟ್‌ನಲ್ಲಿ ಬಂದಾಗ ಅದನ್ನೂ ತಡೆಯಿತು. ಜಾಹೀರಾತು, ಡೌನ್‌ಲೋಡ್, ನಿಯಮಗಳು ಎಂಬ ಕಾರಣಗಳು ಗೂಗಲ್ ಬಳಿ ಇದ್ದವು. ಬಳಕೆದಾರನ ಕಡೆಯಿಂದ ನೋಡಿದರೆ ಸಂಗತಿ ಸರಳ: ತಾನೂ ಕೊಡುವುದಿಲ್ಲ, ಕೊಡುವವರನ್ನೂ ಬಿಡುವುದಿಲ್ಲ. ವಾಟ್ಸ್‌ಆ್ಯಪ್ ಅದೇ ಹಾದಿಯಲ್ಲಿದೆ. 2017ರ ಕೊನೆಗೆ ಬ್ಲ್ಯಾಕ್‌ಬೆರಿ 10ರಿಂದ, 2019ರ ಡಿಸೆಂಬರ್ 31ಕ್ಕೆ ವಿಂಡೋಸ್ ಫೋನಿನಿಂದ ಅದು ಹೊರನಡೆಯಿತು. 2024ರ ಜೂನ್‌ನಲ್ಲಿ ಕೈಓಎಸ್ ಫೋನುಗಳ ಸ್ಟೋರಿನಿಂದಲೂ ಇಳಿಯಿತು. ಹೊರನಡೆದ ಮೇಲೆ ಬೇರೆಯವರು ಆ ಫೋನುಗಳಿಗೆ ಒಂದು ಪುಟ್ಟ ಸಂದೇಶ ಆ್ಯಪ್ ಬರೆದು ಅದೇ ಜಾಲಕ್ಕೆ ಸೇರಿಸಲು ಅದರ ನಿಯಮಗಳು ಬಿಡುವುದಿಲ್ಲ. ಹಾಗೆ ಬಿಟ್ಟರೆ ಸುರಕ್ಷತೆ ಕೆಡುತ್ತದೆ, ಕಸದ ಸಂದೇಶ ತುಂಬುತ್ತದೆ ಎನ್ನುತ್ತಾರೆ. ಹಾಗಿದ್ದರೆ ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆ, ಬೇರೆ ಸಂದೇಶ ಸೇವೆಗಳೊಂದಿಗೆ ಬೆಸೆದುಕೊಳ್ಳಲೇಬೇಕೆಂದು ಕಟ್ಟುಮಾಡಿದಾಗ ಅದೇ ಕಂಪನಿ ಅದಕ್ಕೆ ತಾಂತ್ರಿಕ ದಾರಿ ಹುಡುಕಿದ್ದು ಹೇಗೆ? ಕಾನೂನು ಕೇಳಿದಾಗ ಆಗುವುದು, ಬಡ ಬಳಕೆದಾರ ಕೇಳಿದಾಗ ಆಗುವುದಿಲ್ಲವೆಂದರೆ ತೊಡಕು ತಂತ್ರಜ್ಞಾನದಲ್ಲಿಲ್ಲ.

ಕೈಓಎಸ್‌ನ ವಿಷಯ ನಮಗೆ ತೀರಾ ಹತ್ತಿರದ್ದು. 2017ರಲ್ಲಿ ಘೋಷಣೆಯಾದ, 1,500 ರೂಪಾಯಿ ಠೇವಣಿಯ ಜಿಯೋಫೋನ್ ನಡೆಯುತ್ತಿದ್ದದ್ದು ಅದರ ಮೇಲೆ. ಕೋಟಿಗಟ್ಟಲೆ ಜನರ ಕೈಗೆ ಅಂತರ್ಜಾಲ ಮೊದಲ ಸಲ ಬಂದದ್ದು ಆ ಕೀಪ್ಯಾಡ್ ಫೋನಿನಲ್ಲಿ. 2018ರ ಸೆಪ್ಟೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಅದಕ್ಕೆ ಬಂದಾಗ ಅದೊಂದು ದೊಡ್ಡ ಆಕರ್ಷಣೆಯೆಂದು ಸಾರಿ ಫೋನ್ ಮಾರಿದರು. ಅದನ್ನು ನಂಬಿ ಕೊಂಡ ಕೂಲಿಯವರಿಗೆ, ಮನೆಗೆಲಸದವರಿಗೆ, ಹಳ್ಳಿಯ ಮುದುಕರಿಗೆ ಈಗ ಹೊಸ ಫೋನ್ ಕೊಳ್ಳಿ ಎಂದು ಬೋಧಿಸುವುದು ಸುಲಭ. ಆ ಬೋಧನೆ ಮಾಡುವವರು ಎರಡು ವರ್ಷಕ್ಕೊಮ್ಮೆ ಫೋನ್ ಬದಲಿಸುವವರು. ಕೇಳಬೇಕಾದವರಿಗೆ ಅದು ತಿಂಗಳ ರೇಷನ್ನಿನ, ಮಗುವಿನ ಫೀಸಿನ ಲೆಕ್ಕ. ಇಂಥ ಸಣ್ಣ ಫೋನಿಗೆ ಆ್ಯಪ್ ಬರೆಯುವುದು ಕಷ್ಟ ಎಂಬ ವಾದಕ್ಕೆ ನಮ್ಮ ದೇಶದಲ್ಲೇ ಉತ್ತರವಿದೆ. ಆರೋಗ್ಯ ಸೇತು ಆ್ಯಪ್ ಸ್ಮಾರ್ಟ್‌ಫೋನುಗಳಿಗೆ ಬಂದದ್ದು 2020ರ ಏಪ್ರಿಲ್ 2ರಂದು. ಮೇ ತಿಂಗಳ ಆರಂಭದಲ್ಲಿ ನೌಕರರಿಗೆಲ್ಲ ಅದು ಕಡ್ಡಾಯವೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿದಾಗ, ಸ್ಮಾರ್ಟ್‌ಫೋನ್ ಇಲ್ಲದವರ ಗತಿಯೇನು ಎಂಬ ಕೂಗೆದ್ದಿತು. ಮೇ ಮಧ್ಯದ ಹೊತ್ತಿಗೆ ಜಿಯೋಫೋನಿನ ಆವೃತ್ತಿ ಸಿದ್ಧವಾಗಿತ್ತು. ಮನಸ್ಸು ಮಾಡಿದಾಗ ಆರು ವಾರ ಸಾಕಾಯಿತು. ಆ ಮನಸ್ಸು ಬೇರೆ ಸಮಯದಲ್ಲಿ ಎಲ್ಲಿರುತ್ತದೆ?

‘ಬಳಕೆದಾರರು ಕಡಿಮೆ’ ಎಂಬ ವಾದವನ್ನು ಕನ್ನಡಿಗರು ತಲೆದೂಗಿ ಒಪ್ಪುವುದನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಬೆಂಬಲ ಸೇರಿದ್ದು 2012ರ 4.1ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಬಹಳಷ್ಟು ಫೋನುಗಳಲ್ಲಿ ನಮ್ಮ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳಿದ್ದವು. ಕೀಲಿಮಣೆ, ನಿಘಂಟು, ಅಕ್ಷರವಿನ್ಯಾಸಗಳನ್ನು ಆ ದಿನಗಳಲ್ಲಿ ಬಿಡುವಿನ ವೇಳೆಯಲ್ಲಿ ಕೂತು ಬರೆದವರು ಲಾಭದ ಲೆಕ್ಕ ಹಾಕಿದ್ದರೆ ಕನ್ನಡ ಇನ್ನಷ್ಟು ತಡವಾಗಿ ಬರುತ್ತಿತ್ತು. ತಲೆ ಎಣಿಸಿ ಬೆಂಬಲ ಕೊಡುವ ನೀತಿಯ ಪೆಟ್ಟು ತಿಂದ ಭಾಷೆಯವರು ನಾವು. ಅದೇ ನೀತಿ ಹಳೆಯ ಫೋನು ಹಿಡಿದವರ ಮೇಲೆ ಬಿದ್ದಾಗ ಅದನ್ನು ವಾಸ್ತವವಾದವೆಂದು ಹೊಗಳುವುದು ನಮಗೆ ಒಪ್ಪುವ ಕೆಲಸವಲ್ಲ.

ಖರ್ಚಿನ ಆಕ್ಷೇಪಕ್ಕೆ ಬರುತ್ತೇನೆ, ಏಕೆಂದರೆ ಇದರಲ್ಲಿ ಸ್ವಲ್ಪ ಸತ್ಯವಿದೆ. ಒಬ್ಬನೇ ಕೂತು ಆ್ಯಪ್ ಬರೆಯುವ ಡೆವಲಪರ್ ಹತ್ತು ವರ್ಷದ ಹಿಂದಿನ ಫೋನಿಗೆ ಹೊಸ ಸೌಲಭ್ಯ ಬರೆಯುತ್ತಲೇ ಇರಬೇಕೆಂದು ನಾನು ಕೇಳುತ್ತಿಲ್ಲ. ನಾನು ಕೇಳುವುದು, ನಡೆಯುತ್ತಿದ್ದ ಕೊನೆಯ ಆವೃತ್ತಿ ನಡೆಯುತ್ತಲೇ ಇರಲಿ ಎಂದು. ಹಳೆಯ ಸಾಧನಗಳು ಒಂದು ದಿನ ಥಟ್ಟನೆ ಜಾಲದಿಂದ ಹೊರಬೀಳುವುದು ಹಲವು ಸಲ ಸಣ್ಣ ಕಾರಣಕ್ಕೆ. ಸರ್ವರನ್ನು ನಂಬಲು ಫೋನಿನೊಳಗೆ ಇಟ್ಟಿರುವ ಮೂಲ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಹೊಸದನ್ನು ಕಳಿಸುವವರು ಇರುವುದಿಲ್ಲ. ಎಚ್‌ಪಿ ಎಂಬುದು ವೆಬ್‌ಓಎಸ್‌ನ ಟಚ್‌ಪ್ಯಾಡ್ ಟ್ಯಾಬ್ಲೆಟನ್ನು 2011ರ ಜುಲೈ 1ರಂದು ಮಾರಾಟಕ್ಕಿಟ್ಟು 49 ದಿನಗಳಲ್ಲಿ ಕೈಬಿಟ್ಟ ಕಂಪನಿ. ಆ ಎಚ್‌ಪಿ ಕೂಡ 2013ರಲ್ಲಿ ಪ್ರಮಾಣಪತ್ರದ ಅವಧಿ ಮುಗಿಯುವ ಮುನ್ನ ಹಳೆಯ ಸಾಧನಗಳಿಗೆ ತಿದ್ದುಪಡಿ ಕಳಿಸಿತು. ಇನ್ನೂ ದೊಡ್ಡ ನಿದರ್ಶನ ಜಾಲತಾಣಗಳಿಗೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದು. 2020ರಲ್ಲಿ ಬಳಕೆಯಲ್ಲಿದ್ದ ಆಂಡ್ರಾಯ್ಡ್ ಫೋನುಗಳಲ್ಲಿ ಸುಮಾರು ಮೂರನೇ ಒಂದು ಭಾಗ 7.1.1ಕ್ಕಿಂತ ಹಳೆಯವು, ಮರುವರ್ಷ ಅವು ಕೋಟ್ಯಂತರ ಜಾಲತಾಣಗಳನ್ನು ತೆರೆಯಲಾಗದ ಸ್ಥಿತಿ ಎದುರಾಗಿತ್ತು. ಅವುಗಳ ತಯಾರಕರು ಕೈಚೆಲ್ಲಿದ್ದರು. ಲಾಭಕ್ಕಾಗಿ ನಡೆಯದ ಈ ಪುಟ್ಟ ಸಂಸ್ಥೆ ಮೊದಲು ತನ್ನಿಂದಾಗದೆಂದು ಎಚ್ಚರಿಸಿತು, ಆಮೇಲೆ ಐಡೆನ್‌ಟ್ರಸ್ಟ್ ಎಂಬ ಇನ್ನೊಂದು ಸಂಸ್ಥೆಯ ಒಪ್ಪಿಗೆ ಪಡೆದು ಇನ್ನೂ ಮೂರು ವರ್ಷದ ಮಟ್ಟಿಗೆ ಅಡ್ಡಸಹಿಯ ಏರ್ಪಾಡು ಮಾಡಿ ಆ ಫೋನುಗಳನ್ನು ಉಳಿಸಿತು. ಲಕ್ಷ ಕೋಟಿಗಳ ವಹಿವಾಟಿನ ಕಂಪನಿಗಳು ಖರ್ಚಿನ ಮಾತೆತ್ತಿದಾಗಲೆಲ್ಲ ಈ ಸಂಸ್ಥೆಯ ಹೆಸರನ್ನು ಅವರ ಮುಂದಿಡಬೇಕು.

ಹಳೆಯ ಫೋನು ಅಪಾಯ, ಆದ್ದರಿಂದ ಬೆಂಬಲ ನಿಲ್ಲಿಸುವುದೇ ಬಳಕೆದಾರನಿಗೆ ಮಾಡುವ ಉಪಕಾರ ಎಂಬ ಇನ್ನೊಂದು ವಾದ ಕೇಳಲು ಜವಾಬ್ದಾರಿಯುತವಾಗಿದೆ. ಆದರೆ ಈ ಅಪಾಯ ಎಲ್ಲಿಂದ ಬಂತು? ಭದ್ರತೆಯ ತಿದ್ದುಪಡಿಯನ್ನು ನಿಲ್ಲಿಸಿದವರು ಅವರೇ, ಬೇರೆಯವರು ತಿದ್ದಲಾಗದಂತೆ ಬೂಟ್‌ಲೋಡರ್ (ಫೋನನ್ನು ಚಾಲೂ ಮಾಡುವ ಮೊದಲ ತಂತ್ರಾಂಶ) ಬಿಗಿದವರೂ ಅವರೇ. 2022ರ ಜನವರಿ 4ರಂದು ಬ್ಲ್ಯಾಕ್‌ಬೆರಿ ತನ್ನ ಹಳೆಯ ಸೇವೆಗಳನ್ನು ನಿಲ್ಲಿಸಿದಾಗ, ಇನ್ನು ಮುಂದೆ ಕರೆ, ಎಸ್‌ಎಂಎಸ್, ತುರ್ತು ಕರೆ ಕೂಡ ಈ ಫೋನುಗಳಲ್ಲಿ ಭರವಸೆಯಿಂದ ನಡೆಯುವುದಿಲ್ಲವೆಂದು ಕಂಪನಿಯೇ ತಿಳಿಸಿತು. ತುರ್ತು ಕರೆಯನ್ನೂ ತಯಾರಕನ ಸರ್ವರಿನ ಹಂಗಿಗೆ ಕಟ್ಟಿಹಾಕಿದ ವಿನ್ಯಾಸವನ್ನು ಯಾವ ಸುರಕ್ಷತೆಯ ಲೆಕ್ಕಕ್ಕೆ ಸೇರಿಸುವುದು? ಭದ್ರತೆಯ ಬಗ್ಗೆ ನಿಜವಾದ ಕಳಕಳಿಯಿದ್ದವರು, ಆ ಯಂತ್ರವನ್ನು ತಿದ್ದಬಲ್ಲವರ ಕೈಗೆ ಕೀಲಿ ಕೊಟ್ಟು ಹೋಗುತ್ತಿದ್ದರು.

ಕೀಲಿ ಕೊಟ್ಟಾಗ ಏನಾಗುತ್ತದೆ ಎಂಬುದು ಊಹೆಯ ವಿಷಯವಲ್ಲ. ಮೊಜಿಲ್ಲಾ 2015ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ಓಎಸ್ ಫೋನುಗಳಿಗೆ ವಿದಾಯ ಹೇಳಿತು. ವಿಂಡೋಸ್ ಫೋನಿಗಿಂತ ಎಷ್ಟೋ ಕಡಿಮೆ ಬಳಕೆದಾರರಿದ್ದ, ಎಲ್ಲರೂ ಸೋತಿತೆಂದು ಬರೆದುಹಾಕಿದ ವೇದಿಕೆ ಅದು. ಆದರೆ ಅದರ ಸೋರ್ಸ್ ಕೋಡ್ ಮುಕ್ತವಾಗಿತ್ತು. ಆ ಕೋಡಿನಿಂದಲೇ ಕೈಓಎಸ್ ಹುಟ್ಟಿತು, ಎರಡು ವರ್ಷ ತುಂಬುವ ಮೊದಲೇ ಜಿಯೋಫೋನಾಗಿ ಭಾರತದ ಹಳ್ಳಿಹಳ್ಳಿಗೆ ನಡೆದುಬಂತು. ಸೋತ ವೇದಿಕೆಯಲ್ಲಿ ಬದುಕಿಲ್ಲ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? 2017ರ ಏಪ್ರಿಲ್‌ನಲ್ಲಿ ಕೆನೋನಿಕಲ್ ಕೈಬಿಟ್ಟ ಉಬುಂಟು ಟಚ್ ಅನ್ನು ಯುಬಿಪೋರ್ಟ್ಸ್ ಸಮುದಾಯ ಎತ್ತಿಕೊಂಡು ಇಂದಿಗೂ ನಡೆಸುತ್ತಿದೆ. ವೆಬ್‌ಓಎಸ್ ಫೋನುಗಳಲ್ಲಿ ಡೆವಲಪರ್ ಮೋಡ್ ಯಾರು ಬೇಕಾದರೂ ತೆರೆಯಬಹುದಿತ್ತು. 2015ರ ಜನವರಿಯಲ್ಲಿ ಎಚ್‌ಪಿ ಸ್ಟೋರ್ ಮುಚ್ಚಿದ ಮೇಲೂ ಆಸಕ್ತರು ಕೂಡಿಟ್ಟ ಆ್ಯಪ್‌ಗಳನ್ನು ಇಂದೂ ಹಾಕಿಕೊಳ್ಳಬಹುದು. ಪೆಬಲ್ ಕೈಗಡಿಯಾರದ ಕಂಪನಿ 2016ರಲ್ಲಿ ಮುಚ್ಚಿತು, 2018ರಲ್ಲಿ ಅದರ ಸರ್ವರುಗಳು ನಿಂತವು. ರೆಬಲ್ ಎಂಬ ಗುಂಪು ಬದಲಿ ಸರ್ವರು ಕಟ್ಟಿ ಗಡಿಯಾರಗಳನ್ನು ನಡೆಸಿತು, 2025ರ ಜನವರಿಯಲ್ಲಿ ಗೂಗಲ್ ಆ ವ್ಯವಸ್ಥೆಯ ಕೋಡನ್ನೇ ಬಿಡುಗಡೆ ಮಾಡಿತು. ಫೋನ್ ವ್ಯವಹಾರದಿಂದ ಹೊರಬಿದ್ದ ಎರಡು ಕಂಪನಿಗಳ ನಡತೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2020ರಲ್ಲಿ ಬಾಗಿಲು ಹಾಕಿದ ಪುಟ್ಟ ಎಸೆನ್ಷಿಯಲ್, ತನ್ನ ಏಕೈಕ ಫೋನನ್ನು ಬೇರೆಯವರು ಮುಂದುವರಿಸಲು ಬೇಕಾದ ಕಡತಗಳನ್ನು ಸಾರ್ವಜನಿಕವಾಗಿ ಇಟ್ಟು ಹೋಯಿತು. 2021ರಲ್ಲಿ ಹೊರಟ ದೈತ್ಯ ಎಲ್‌ಜಿ ಬೂಟ್‌ಲೋಡರ್ ಬಿಚ್ಚಿಕೊಡುತ್ತಿದ್ದ ಸೇವೆಯನ್ನೂ ಅದೇ ವರ್ಷದ ಕೊನೆಗೆ ನಿಲ್ಲಿಸಿತು. ಮೊದಲನೆಯದಕ್ಕೆ ಬೇಕಾದದ್ದು ಹಣವಲ್ಲ, ಕೊಂಡವರ ಮೇಲಿನ ಗೌರವ.

ಕೋಡಿನಲ್ಲಿ ಬೇರೆ ಕಂಪನಿಗಳ ಪೇಟೆಂಟು, ಪರವಾನಗಿ ಸೇರಿರುತ್ತದೆ, ಎಲ್ಲವನ್ನೂ ಬಹಿರಂಗಪಡಿಸಲಾಗದು ಎಂದು ವಕೀಲರು ಹೇಳುತ್ತಾರೆ. ಬಹಿರಂಗಪಡಿಸಬೇಡಿ. ಬೂಟ್‌ಲೋಡರಿನ ಬೀಗ ತೆಗೆಯಲು ಯಾರ ಪೇಟೆಂಟೂ ಅಡ್ಡ ಬರುವುದಿಲ್ಲ. ಸ್ಟೋರಿನ ಸಹಿಯಿಲ್ಲದ ಆ್ಯಪ್ ಹಾಕಿಕೊಳ್ಳಲು ಒಂದು ಕೊನೆಯ ಅಪ್‌ಡೇಟ್ ಕಳಿಸಲು ಯಾರ ಪರವಾನಗಿಯೂ ಬೇಕಿಲ್ಲ. ಸ್ಟೋರು ಮುಚ್ಚುವ ಮೊದಲು, ಒಪ್ಪುವ ಡೆವಲಪರ್‌ಗಳ ಆ್ಯಪ್‌ಗಳನ್ನು ಸರ್ವರಿನ ಅನುಮತಿ ಬೇಡದ ಕಡತಗಳಾಗಿ ಇಳಿಸಿಕೊಳ್ಳಲು ಬಿಡುವುದಕ್ಕೆ ಯಾವ ಒಪ್ಪಂದ ತಡೆಯುತ್ತದೆ? ಫೋನು ಕೊಂಡವನದು ಎಂಬ ಸರಳ ಮಾತನ್ನು ನಂಬುವವರಿಗೆ ಈ ಮೂರೂ ಕೆಲಸ ಕರ್ತವ್ಯಗಳೇ.

ನಮ್ಮ ಸರ್ಕಾರ ಈ ಪ್ರಶ್ನೆಯ ಹೊಸ್ತಿಲವರೆಗೆ ಬಂದು ನಿಂತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದು ಮೊಬೈಲ್ ಫೋನನ್ನೂ ಅದರಲ್ಲಿ ಸೇರಿಸಿತು. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ಆದರೆ ಈ ಚರ್ಚೆ ಹೆಚ್ಚಾಗಿ ಸುತ್ತುವುದು ಬ್ಯಾಟರಿ, ಪರದೆ, ಬಿಡಿಭಾಗಗಳ ಸುತ್ತ. ಲುಮಿಯಾ 520ರ ಬ್ಯಾಟರಿಯನ್ನು ಬೆರಳಿನಿಂದಲೇ ಬದಲಿಸಬಹುದಿತ್ತು. ಅದನ್ನು ಕಸಕ್ಕೆ ಕಳಿಸಿದ್ದು ತಂತ್ರಾಂಶ. ಫೋನೊಂದು ಪರಿಸರಕ್ಕೆ ಹೊರಿಸುವ ಭಾರದ ಬಹುಪಾಲು ತಯಾರಿಕೆಯಲ್ಲೇ ಆಗಿಹೋಗಿರುತ್ತದೆ. ಹಾಗಿರುವಾಗ ಗಟ್ಟಿಮುಟ್ಟಾದ ಯಂತ್ರವನ್ನು ದೂರದ ಸರ್ವರಿನ ಒಂದು ಆಜ್ಞೆಯಿಂದ ತ್ಯಾಜ್ಯವಾಗಿಸುವುದನ್ನು ನಿಯಮಗಳು ಕಾಣದಂತೆ ಇರುವುದು ದೊಡ್ಡ ಲೋಪ. 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಆಪರೇಟಿಂಗ್ ಸಿಸ್ಟಮ್‌ನ ಅಪ್‌ಡೇಟ್‌ಗಳು ಸಿಗಬೇಕೆಂಬ ನಿಯಮ ಬಂದಿದೆ. ಒಳ್ಳೆಯ ಹೆಜ್ಜೆ. ಆದರೆ ಆರನೆಯ ವರ್ಷ ಬೀಗ ತೆರೆಯಬೇಕೆಂದು ಅದೂ ಹೇಳುವುದಿಲ್ಲ.

ಭಾರತ ಅದನ್ನು ಮೊದಲು ಹೇಳಲಿ. ಇಷ್ಟು ಫೋನು ಮಾರುವ ದೇಶಕ್ಕೆ ಆ ಶಕ್ತಿಯಿದೆ. ಇಲ್ಲಿ ಫೋನ್ ಮಾರುವ ಪ್ರತಿ ಕಂಪನಿ, ವೇದಿಕೆ ನಿಲ್ಲಿಸುವ ದಿನ ಬೂಟ್‌ಲೋಡರ್ ತೆರೆಯುವುದಾಗಿ, ಸ್ಟೋರಿನ ಹೊರಗಿನ ಆ್ಯಪ್‌ಗಳಿಗೆ ದಾರಿ ಬಿಡುವುದಾಗಿ, ಮೂಲ ಪ್ರಮಾಣಪತ್ರಗಳನ್ನು ಬಳಕೆದಾರನೇ ಬದಲಿಸುವಂತೆ ಮಾಡುವುದಾಗಿ ಮಾರಾಟಕ್ಕೆ ಮೊದಲೇ ಬರೆದುಕೊಡಬೇಕು. ಬರೆದುಕೊಡದ ಫೋನನ್ನು ಸರ್ಕಾರ ತನ್ನ ಖರೀದಿಯಿಂದ ಹೊರಗಿಡಬೇಕು. ಸಾರ್ವಜನಿಕ ಸೇವೆಯ ಯಾವ ಆ್ಯಪ್‌ ಕೂಡ ಒಂದೆರಡು ವೇದಿಕೆಗೆ ಮಾತ್ರ ಸಿಗುವಂತಿರಬಾರದು, ಅದರ ಜೊತೆಗೆ ಸಾದಾ ಬ್ರೌಸರಿನಲ್ಲಿ ತೆರೆಯುವ ದಾರಿ ಕಡ್ಡಾಯವಾಗಿ ಇರಬೇಕು. ಕೋಟಿಗಟ್ಟಲೆ ಜನರ ಮಾತುಕತೆಯನ್ನು ಹಿಡಿದಿಟ್ಟುಕೊಂಡ ಸಂದೇಶ ಸೇವೆ ಒಂದು ವೇದಿಕೆಯಿಂದ ಹೊರಟರೆ ಆ ವೇದಿಕೆಗೆ ಬೇರೆಯವರು ಆ್ಯಪ್ ಬರೆಯುವುದನ್ನು ತಡೆಯುವ ಅಧಿಕಾರವನ್ನು ಅದು ಅಂದೇ ಕಳೆದುಕೊಳ್ಳಬೇಕು.

ಕಾನೂನು ಬರುವವರೆಗೆ ಕಾಯಬೇಕಿಲ್ಲದವರು ಡೆವಲಪರ್‌ಗಳು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಮಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕೂತು ಜಗತ್ತಿಗೆಲ್ಲ ಆ್ಯಪ್ ಬರೆಯುವ ನೀವು ಮಾಲೀಕರ ನಿರ್ಧಾರಕ್ಕೆ ಬರಿಯ ಕೈಗಳಲ್ಲ. ಒಂದು ವೇದಿಕೆಗೆ ಬೆಂಬಲ ನಿಲ್ಲಿಸುವ ಸಭೆಯಲ್ಲಿ, ಕೊನೆಯ ಆವೃತ್ತಿಯನ್ನು ಎಲ್ಲಿ ಇಡುತ್ತೇವೆ, ಅದು ಮಾತಾಡುವ ಸರ್ವರಿನ ಹಳೆಯ ಕೊಂಡಿಯನ್ನು ಎಷ್ಟು ಕಾಲ ಉಳಿಸುತ್ತೇವೆ ಎಂದು ಕೇಳಿ, ಉತ್ತರ ಬರೆಸಿಕೊಳ್ಳಿ. ನಿಮ್ಮ ಸ್ವಂತದ ಆ್ಯಪ್ ಆಗಿದ್ದರೆ ಯಾರನ್ನೂ ಕೇಳಬೇಕಿಲ್ಲ: ಅದರ ಕಡತವನ್ನೂ ಸೋರ್ಸ್ ಕೋಡನ್ನೂ ಇಂದೇ ಸಾರ್ವಜನಿಕ ಜಾಗದಲ್ಲಿ ಇಟ್ಟುಬಿಡಿ, ಸ್ಟೋರಿನ ಮುಚ್ಚುವ ತಾರೀಕು ಪ್ರಕಟವಾಗುವ ಮೊದಲೇ.